ಬಿ.ಪಿ. ಯಂತ್ರಕ್ಕೂ ಮುದ್ರೆ ಇರಲಿ

ಮಾನ್ಯ ಸಂಪಾದಕರೇ,

ಜಮಖಂಡಿಯ ಸಂತೆಯಲ್ಲಿ ಜೋಳ ತೂಗುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. 2011ರ ನಿಯಮಗಳಲ್ಲಿ ರಕ್ತದೊತ್ತಡ ಮಾಪಕವೂ ಸೇರಿದೆ. ಆದರೆ ಅದನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದ್ದೀರೆಂದು ಯಾರೂ ಕೇಳುವುದಿಲ್ಲ.

ಈಚೆಗೆ ಒಂದು ತಪಾಸಣಾ ಶಿಬಿರದಲ್ಲಿ ನನ್ನ ಮನೆಯವರಿಗೆ 158 ಬಂತು. ಮೆಟ್ಟಿಲು ಹತ್ತಿ ಬಂದವರನ್ನು ಕೂತ ಕೂಡಲೇ ಅಳೆದಿದ್ದರು, ಅದೂ ತೋಳು ಕೆಳಗೆ ಜೋತುಬಿದ್ದಿರುವಾಗ. ಪಟ್ಟಿ ಕಟ್ಟಿದ ಜಾಗ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಷ್ಟೆತ್ತರದ ರಕ್ತದ ಭಾರವೇ ಸುಮಾರು 8 ಮಿ.ಮೀ. ಪಾದರಸದಷ್ಟು ಒತ್ತಡ ಕೂಡಿಸುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ, ರಕ್ತ ನೀರಿಗಿಂತ ತುಸುವೇ ಹೆಚ್ಚು. ಪಿಯುಸಿ ಮಕ್ಕಳೂ ಮಾಡಬಲ್ಲ ಲೆಕ್ಕವಿದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಅಂಕಿ ಏರುತ್ತದೆ. ಇಂಥ ಅಂಕಿ ನಂಬಿ ಎಷ್ಟು ಜನ ಬೇಡದ ಗುಳಿಗೆ ನುಂಗುತ್ತಿದ್ದಾರೋ ಎಂದು ನನಗೆ ನಿಜಕ್ಕೂ ಆತಂಕವಾಗುತ್ತದೆ. ಯಂತ್ರವೇ ಕಡಿಮೆ ತೋರಿಸಿದರೆ ಅಪಾಯ ಇನ್ನೂ ದೊಡ್ಡದು.

ಬಾಗಲಕೋಟೆ ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಯಂತ್ರವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ತಾರೀಕನ್ನು ಅದರ ಮೇಲೆಯೇ ಅಂಟಿಸಲಿ. ಎರಡು ಅಳತೆಯ ಪಟ್ಟಿ, ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿ, ಅಳೆಯುವ ಮೊದಲು ಐದು ನಿಮಿಷದ ವಿಶ್ರಾಂತಿ, ಇಷ್ಟನ್ನು ಆರೋಗ್ಯ ಇಲಾಖೆ ಕೂಡಲೇ ಕಡ್ಡಾಯ ಮಾಡಬೇಕು.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಜಮಖಂಡಿ