ವಿಷಯ: ಕ್ಯಾಂಪರ್ ವ್ಯಾನಿನ ಎಂಜಿನ್ ಬದಲಾವಣೆಗೆ ಪೂರ್ತಿ ಹಣ ಪಡೆದು ಅರ್ಧ ಕೆಲಸ ಮಾಡಿರುವ ಬಗ್ಗೆ

ವ್ಯವಸ್ಥಾಪಕರಿಗೆ,

ಮಾನ್ಯರೇ,

ನನ್ನ 1988ರ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್ ವ್ಯಾನಿಗೆ ಸುಬಾರು ಕಾರಿನ 2.2 ಲೀಟರ್ ಎಂಜಿನ್ ಕೂರಿಸುವ ಕೆಲಸವನ್ನು ನಿಮಗೆ ಒಪ್ಪಿಸಿದ್ದೆ. ನೀವು ಇದರಲ್ಲಿ ತಜ್ಞರೆಂದು ನಿಮ್ಮ ಫಲಕವೇ ಹೇಳುತ್ತದೆ. ಫೋನಿನಲ್ಲಿ ವಿನಯದಿಂದ ಕೇಳಿದ್ದೆಲ್ಲ ಮುಗಿಯಿತು. 'ಮೆಕ್ಯಾನಿಕ್ ಹೊರಗೆ ಹೋಗಿದ್ದಾರೆ' ಎಂಬ ಉತ್ತರ ನನಗೀಗ ಬಾಯಿಪಾಠವಾಗಿದೆ.

ಕೊನೆಯ ಕಂತು ಪರೀಕ್ಷಾರ್ಥ ಓಡಾಟದ ನಂತರವೇ ಎಂಬ ನಿಮ್ಮ ಕರಾರು ನಿಮಗೆ ಗೊತ್ತೇ ಇದೆ. ಕೀಲಿಕೈ ಕೊಡುವ ಮೊದಲೇ ಅದನ್ನು ವಸೂಲು ಮಾಡಿದಿರಿ. ಬಿಲ್ಲಿನಲ್ಲಿ 'ಎತ್ತರ ತಗ್ಗಿಸಿದ ಆಯಿಲ್ ಸಂಪ್' (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಎಂದಿದೆ. ಬಗ್ಗಿ ನೋಡಿದರೆ ಸುಬಾರು ಕಾರಿನ ಮೂಲ ಸಂಪ್ ಹಾಗೆಯೇ ಜೋತುಬಿದ್ದಿದೆ. ರಸ್ತೆಯುಬ್ಬುಗಳಿಗೆ ಉಜ್ಜಿ ಅದರ ತಳ ಬೆಳ್ಳಗೆ ಹೊಳೆಯುತ್ತಿದೆ. ಬೆಸುಗೆ ಹಾಕಿದ ವೈರಿಂಗಿಗೆ ಹಣ ಕೊಟ್ಟೆ. ಸಿಕ್ಕಿದ್ದು ತಿರುಚಿ ಟೇಪು ಸುತ್ತಿದ ತಂತಿಗಳು.

ಇದನ್ನೆಲ್ಲ ನುಂಗಿಕೊಂಡಿದ್ದೆ. ಏರುದಾರಿಯಲ್ಲಿ ಎಂಜಿನ್ ಕಾದು ನಿಂತು, ವ್ಯಾನನ್ನು ಎಳೆಸಿಕೊಂಡು ನಿಮ್ಮಲ್ಲಿಗೆ ಬಂದ ದಿನದ ಮಾತು ಬೇರೆ. ಕೌಂಟರಿನಲ್ಲಿದ್ದವರು ಮೊಬೈಲಿನಿಂದ ತಲೆ ಎತ್ತದೆ "ಹೆಸರು?" ಎಂದರು. ಹೇಳಿದೆ. "ಯಾವ ಗಾಡಿ?" ಅದು ಅವರ ಬೆನ್ನ ಹಿಂದಿನ ಗಾಜಿನಾಚೆ ಹಬೆಯಾಡುತ್ತ ನಿಂತಿತ್ತು. ತೋರಿಸಿದೆ; ತಿರುಗಲಿಲ್ಲ. ಉಷ್ಣತೆಯ ಮುಳ್ಳು ಕೆಂಪಿಗೆ ಹೋಗುತ್ತಿದೆ ಎಂದೆ. "ಮುಳ್ಳನ್ನು ಯಾಕೆ ನೋಡುತ್ತೀರಿ? ರಸ್ತೆ ನೋಡಿ ಓಡಿಸಿ." ಹಿಂದೆ ಕಾಯುತ್ತಿದ್ದ ಇಬ್ಬರು ನಕ್ಕರು. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ ಇರುವ ಗಾಡಿಯಿದು. ನಡುವಿನ ಉದ್ದನೆಯ ಪೈಪುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ಮುಂಭಾಗ ಎತ್ತಿ ನಿಲ್ಲಿಸಿ ಗಾಳಿ ತೆಗೆದಿದ್ದೀರಾ ಎಂದು ಕೇಳಿದೆ. ಆಗ ಮೊದಲ ಸಲ ನನ್ನ ಮುಖ ನೋಡಿದರು. "ಇಷ್ಟೆಲ್ಲ ಗೊತ್ತಿದ್ದವರು ನಮ್ಮ ಹತ್ತಿರ ಯಾಕೆ ಬಂದಿರಿ?" ಒಪ್ಪಿದೆ, ಒಳ್ಳೆಯ ಪ್ರಶ್ನೆ. ಆಮೇಲೆ ನನ್ನದೇ ಪೆನ್ನು ಕೇಳಿ ಪಡೆದು 'ಪರಿಶೀಲನಾ ಶುಲ್ಕ'ದ ರಸೀದಿ ಬರೆದರು. ಬಾನೆಟ್ಟಿಲ್ಲದ ಗಾಡಿಯ ಬಾನೆಟ್ಟನ್ನು ಪರಿಶೀಲಿಸಿದ್ದಾಗಿ ಅದರಲ್ಲಿದೆ. ಪೆನ್ನು ಹಿಂದಕ್ಕೆ ಬರಲಿಲ್ಲ.

ಹೊಸ ಎಂಜಿನ್ನಿನ ಸಂಖ್ಯೆಯನ್ನು ನೋಂದಣಿ ದಾಖಲೆಗೆ ಸೇರಿಸಲು ಬೇಕಾದ ಖರೀದಿ ರಸೀದಿಯನ್ನೂ ನೀವು ಕೊಟ್ಟಿಲ್ಲ. ನಾಳೆ ಅಪಘಾತವಾದರೆ ವಿಮೆಯವರಿಗೆ ನಿಮ್ಮ ಫಲಕ ತೋರಿಸಲೇ?

ಸರಿಮಾಡಿಕೊಡಿ ಎಂದು ಕೇಳಲು ಕುಳಿತವನು ನಾನು. ಬರೆಯುತ್ತ ಹೋದಂತೆ ಆ ಆಸೆ ಆರಿತು. ಬೇರೆ ಗ್ಯಾರೇಜಿನಿಂದ ಲಿಖಿತ ವರದಿ ಪಡೆದಿದ್ದೇನೆ, ವಕೀಲರ ನೋಟಿಸ್ ಹಿಂದೆಯೇ ಬರುತ್ತದೆ. ಹಣ ವಾಪಸ್ ಕೊಟ್ಟರೂ ಗ್ರಾಹಕ ನ್ಯಾಯಾಲಯಕ್ಕೆ ಹೋಗುವುದನ್ನು ಬಿಡುತ್ತೇನೆಂದು ಭಾವಿಸಬೇಡಿ. ಕೌಂಟರಿನಲ್ಲಿದ್ದವರನ್ನೂ ಅಲ್ಲಿಗೆ ಕರೆಸುತ್ತೇನೆ. ಮುಳ್ಳು ನೋಡಬಾರದೆಂಬ ಉಪದೇಶವನ್ನು ನ್ಯಾಯಾಧೀಶರಿಗೂ ಮಾಡಲಿ.

ಇತಿ,
ವ್ಯಾನಿನ ಮಾಲೀಕ

ಲಗತ್ತು: ಬಿಲ್ಲು, ಸಂಪ್‌ನ ಫೋಟೋ, ಪರಿಶೀಲನಾ ಶುಲ್ಕದ ರಸೀದಿ (ಶಾಯಿ ನನ್ನದು)