ಮೊದಲು ಕೂಗು, ಆಮೇಲೆ ಕಾಲೆತ್ತು

ಕೋಡಿಬಾಗ, ಕಾರವಾರ

ಪ್ರೀತಿಯ ಮಗಳಿಗೆ,

ತರಬೇತಿಯ ಕೆಡೆಟ್ ಆಗಿ ಹಡಗು ಹತ್ತುವ ತನಕ ನಿನಗೆ ಫೋನಿನಲ್ಲಿ ಸಮಾಧಾನವಾಗಿ ಮಾತಾಡಲು ಪುರುಸೊತ್ತು ಸಿಗುವುದಿಲ್ಲ ಅಂತ ಗೊತ್ತು. ಅದಕ್ಕೇ ಇದನ್ನು ಬರೆದು ನಿನ್ನ ಸಿಡಿಸಿ (ನಾವಿಕರ ಗುರುತಿನ ಪುಸ್ತಕ) ಇಟ್ಟ ಚೀಲದಲ್ಲೇ ಇಟ್ಟಿದ್ದೇನೆ. ಆಯಿ ಕಟ್ಟಿಕೊಟ್ಟ ಉಪ್ಪಿನಕಾಯಿಯಿಂದ ದೂರ ಇಡು, ಎಣ್ಣೆ ಸೋರುತ್ತದೆ.

ಹಡಗು ಸೇರುವ ಮೊದಲಿನ ಬೇಸಿಕ್ ಸುರಕ್ಷತಾ ಕೋರ್ಸಿನಲ್ಲಿ ಎಲ್ಲ ಕಲಿಸಿದ್ದಾರೆ. ಬೆಂಕಿ ಆರಿಸುವುದು, ಮಗುಚಿದ ರಾಫ್ಟ್ ನೆಟ್ಟಗೆ ಮಾಡುವುದು, ಪ್ರಥಮ ಚಿಕಿತ್ಸೆ. ಅದನ್ನೇ ಮತ್ತೆ ಹೇಳಿ ನಿನ್ನ ತಲೆ ತಿನ್ನುವುದಿಲ್ಲ. ನನಗೆ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. ನೀನು ಈ ಊರಿನ ಹುಡುಗಿ.

ನಮ್ಮ ಕಡೆ ಯಾರಾದರೂ ನೀರಿಗೆ ಬಿದ್ದರೆ ಯಾರೂ ನಿಂತು ಯೋಚನೆ ಮಾಡುವುದಿಲ್ಲ. ಲುಂಗಿ ಎತ್ತಿ ಕಟ್ಟುವುದೂ ಇಲ್ಲ, ಸೀದಾ ಹಾರುವುದೇ. 2024ರ ಆಗಸ್ಟ್ 7ರ ನಡುರಾತ್ರಿ ಒಂದರ ಹೊತ್ತಿಗೆ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತಲ್ಲ, ಆ ಚಾಲಕನನ್ನು ಕತ್ತಲಲ್ಲಿ ಮೇಲೆತ್ತಿದ್ದು ನಮ್ಮ ಮೀನುಗಾರರು ಮತ್ತು ಪೊಲೀಸರು. ಈ ಗುಣ ನಿನ್ನ ರಕ್ತದಲ್ಲೂ ಇದೆ. ಇಲ್ಲಿ ಅದು ಒಳ್ಳೇದೇ. ಹಡಗಿನ ಮೇಲೆ ಮಾತ್ರ ಇದೇ ಗುಣ ಜೀವ ತೆಗೆಯುತ್ತದೆ.

ಟ್ಯಾಂಕಿನ ವಿಷಯ ತಗೋ. ಹಡಗಿನ ತೂಕಕ್ಕೆ ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕ್, ಲಂಗರಿನ ಸರಪಳಿ ಇಡುವ ಚೈನ್ ಲಾಕರ್, ಸರಕು ತುಂಬುವ ಹೋಲ್ಡಿಗೆ ಇಳಿಯುವ ಏಣಿಯ ಕಿಂಡಿ, ಇವೆಲ್ಲ ನೋಡಲು ಖಾಲಿ. ಆದರೆ ಮುಚ್ಚಿದ ಜಾಗದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಗಾಳಿಯಲ್ಲಿದ್ದ ಆಕ್ಸಿಜನ್ ತಿಂದು ಹಾಕುತ್ತದೆ. ಕಲ್ಲಿದ್ದಲು, ಮರದ ದಿಮ್ಮಿ ತುಂಬಿದಾಗಲೂ ಇದೇ ಕಥೆ. ಹೋಲ್ಡು ಮಾತ್ರ ಅಲ್ಲ, ಅದರ ಪಕ್ಕದ ಏಣಿ ಜಾಗದಲ್ಲೂ ಗಾಳಿ ಕೆಟ್ಟಿರುತ್ತದೆ. ವಾಸನೆ ಇಲ್ಲ, ಕೆಮ್ಮು ಇಲ್ಲ, ಕಣ್ಣುರಿ ಇಲ್ಲ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 21ರ ಹತ್ತಿರ ಇರುತ್ತದೆ. ಅದು ತೀರಾ ಇಳಿದ ಕಡೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ಏಣಿ ಹಿಡಿದ ಕೈ ಸಡಿಲವಾಗುತ್ತದೆ, ಅಷ್ಟೇ.

ಮೇಲಿನಿಂದ ಬಗ್ಗಿ ನೋಡಿದ ಗೆಳೆಯ ಏನು ಮಾಡುತ್ತಾನೆ? ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಮೂರನೆಯವನು ಅವರಿಬ್ಬರಿಗಾಗಿ ಇಳಿಯುತ್ತಾನೆ. ಹಡಗುಗಳ ಟ್ಯಾಂಕುಗಳಲ್ಲಿ ಸತ್ತವರಲ್ಲಿ ಹೀಗೆ ಕಾಪಾಡಲು ಹೋದವರು ಬಹಳ ಜನ.

ಶಿರಸಿ ಕಡೆ ತೋಟದ ಹಳೇ ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಟ್ಯಾಂಕಿಗೆ ದೀಪ ಇಳಿಸುವ ಹಾಗಿಲ್ಲ, ಉರಿಯುವ ಗ್ಯಾಸ್ ಇದ್ದರೆ ಸಿಡಿಯುತ್ತದೆ. ಅಲ್ಲಿ ಗಾಳಿ ಅಳೆಯುವ ಮೀಟರೇ ಗತಿ. ಮೀಟರಿನ ಪೈಪನ್ನು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಇಳಿಸಿ ನೋಡಬೇಕು. ಟ್ಯಾಂಕಿನ ಬಾಯಿಯ ಹತ್ತಿರ ಒಂದು ಸಲ ಹಿಡಿದು ‘ಗಾಳಿ ಚೆನ್ನಾಗಿದೆ’ ಅನ್ನುವವರು ಸಿಗುತ್ತಾರೆ. ಒಳಗೆ ಇಳಿಯಲು ಬರೆದು ಕೊಡುವ ಪರ್ಮಿಟ್ ಎಲ್ಲಿ ಅಂತ ಕೇಳು. ಅದಿಲ್ಲದೆ ಇಳಿ ಅಂತ ನಿನಗೆ ಹೇಳುವ ಹಕ್ಕು ಚೀಫ್ ಆಫೀಸರಿಗೂ ಇಲ್ಲ.

ಒಳಗೆ ಯಾರಾದರೂ ಬಿದ್ದದ್ದು ಕಂಡರೆ ನಿನ್ನ ಕೆಲಸ ಒಂದೇ. ಮೇಲೆ ನಿಂತು ವಾಕಿಟಾಕಿಯಲ್ಲಿ ಬ್ರಿಡ್ಜಿಗೆ (ಹಡಗು ನಡೆಸುವ ಕೋಣೆ) ಹೇಳು. ಉಸಿರಾಡುವ ಗಾಳಿಯ ಸಿಲಿಂಡರ್ ಹೊತ್ತ ತಂಡ ಬರುವ ತನಕ ಬಾಗಿಲಲ್ಲೇ ಇರು, ಇನ್ನೊಬ್ಬರನ್ನು ಇಳಿಯಲು ಬಿಡಬೇಡ. ಗೋಡೆಗೆ ನೇತು ಹಾಕಿದ ಎಸ್ಕೇಪ್ ಸೆಟ್ ಇದೆಯಲ್ಲ ಅಂತ ಅದನ್ನು ತಲೆಗೆ ಹಾಕಿಕೊಂಡು ಹೊರಡಬೇಡ. ಅದರಲ್ಲಿರುವುದು ಸುಮಾರು 10 ನಿಮಿಷದ ಗಾಳಿ, ಓಡಿ ಹೊರಗೆ ಬರಲಿಕ್ಕೆ. ಕೆಳಗೆ ಬಿದ್ದವನು ನಿನ್ನ ಜೊತೆ ಊಟ ಮಾಡಿದವನೇ ಇರಬಹುದು. ಆಗ ಸುಮ್ನೆ ಮೇಲೆ ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ನಿಲ್ಲು.

ಬೆಂಕಿಗೂ ಇದೇ ಮಾತು. ಕ್ಯಾಬಿನ್ನಿನಲ್ಲೋ ಲಾಂಡ್ರಿಯಲ್ಲೋ ಹೊಗೆ ಕಂಡರೆ ಮೊದಲು ಅಲಾರಂ ಗುಂಡಿ ಒತ್ತು. ಆಮೇಲೆ ಬೇಕಾದರೆ ಎಕ್ಸ್‌ಟಿಂಗ್ವಿಶರ್ ಹುಡುಕು. ಹೊಸ ಕೆಡೆಟ್‌ಗಳು ಗುಂಡಿ ಒತ್ತಲು ಹಿಂಜರಿಯುತ್ತಾರೆ. ಏನೂ ಇಲ್ಲದಿದ್ದರೆ ನಿದ್ದೆ ಕೆಡಿಸಿದಳು ಅಂತ ಬೈತಾರಲ್ಲ ಅಂತ. ಬೈಯಲಿ. ಬೈಗುಳ ತಿಂದರೆ ಏನೂ ಆಗುವುದಿಲ್ಲ.

ಹಡಗಿನ ತುರ್ತು ಸಂಕೇತ ಅಂದರೆ ಏಳು ಅಥವಾ ಜಾಸ್ತಿ ಚಿಕ್ಕ ಶಬ್ದ, ಆಮೇಲೆ ಒಂದು ಉದ್ದ. ಅದು ಕೇಳಿದರೆ ಎಲ್ಲರೂ ಸೇರುವ ಮಸ್ಟರ್ ಸ್ಟೇಷನ್ನಿಗೆ ಹೋಗು. ಬೆಂಕಿ ಎಲ್ಲಿದೆ ಅಂತ ನೋಡಿ ಬರುತ್ತೇನೆ ಅಂತ ಹೊರಡಬೇಡ. ಎಂಜಿನ್ ರೂಮಿನ ಬೆಂಕಿ ಕೈ ಮೀರಿದರೆ ಕೊನೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಅದು ಬೆಂಕಿಯ ಉಸಿರು ಕಟ್ಟಿಸುತ್ತದೆ, ಒಳಗೆ ಉಳಿದ ಮನುಷ್ಯನದ್ದೂ. ಅದಕ್ಕೇ ತಲೆ ಎಣಿಸದೆ ಬಿಡುವುದಿಲ್ಲ. ಒಬ್ಬರು ಕಡಿಮೆ ಬಂದರೆ ಎಲ್ಲರೂ ಕಾಯಬೇಕು, ಬೆಂಕಿ ಕಾಯುವುದಿಲ್ಲ. ನೀನು ಎಲ್ಲೋ ಸಹಾಯ ಮಾಡುತ್ತಾ ಇದ್ದರೆ ಲೆಕ್ಕದಲ್ಲಿ ಕಾಣೆಯಾದವಳು. ಮತ್ತೆ ಎಂಜಿನ್ ರೂಮಿನಲ್ಲಿದ್ದಾಗ ಆ ಗ್ಯಾಸಿನ ಅಲಾರಂ ಕೇಳಿದರೆ ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಹೊರಗೆ ಬಾ.

ಕಳೆದ ವರ್ಷಗಳ ಸುದ್ದಿ ನೋಡಿ ಆಯಿ ಹೆದರಿದ್ದಾಳೆ. 2025ರ ಮೇ 25ರಂದು ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಮುಳುಗಿತು, 24 ಜನರೂ ಉಳಿದರು. ಜೂನ್ 9ಕ್ಕೆ ಕೇರಳದ ಆಚೆ ವಾನ್ ಹೈ 503ಕ್ಕೆ ಬೆಂಕಿ ಬಿತ್ತು. 22 ಜನರಲ್ಲಿ 18 ಜನರನ್ನು ನೌಕಾಪಡೆಯ ಹಡಗು ಮಂಗಳೂರಿಗೆ ತಂದಿತು, ನಾಲ್ವರು ಕಾಣೆಯಾದರು. ಅವಳು ಫೋನಿನಲ್ಲಿ ಇದನ್ನೇ ಎತ್ತಿದರೆ ಸುಳ್ಳು ಸಮಾಧಾನ ಹೇಳಬೇಡ. ನಿಮ್ಮ ಹಡಗಿನಲ್ಲಿ ಡ್ರಿಲ್ ಹೇಗೆ ಮಾಡುತ್ತಾರೆ ಅಂತ ಹೇಳು. ಅವಳಿಗೆ ಅರ್ಥವಾಗುತ್ತದೆ.

ಡ್ರಿಲ್ ಅಂದಾಗ ನೆನಪಾಯಿತು. ನಿಯಮದ ಪ್ರಕಾರ ಬೆಂಕಿ ಡ್ರಿಲ್ಲು, ಹಡಗು ಬಿಡುವ ಡ್ರಿಲ್ಲು ಪ್ರತಿಯೊಬ್ಬರಿಗೂ ತಿಂಗಳಿಗೊಂದು. ಸಿಬ್ಬಂದಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಜನ ಹಿಂದಿನ ತಿಂಗಳು ಆ ಹಡಗಿನಲ್ಲಿ ಡ್ರಿಲ್ ಮಾಡದವರಾದರೆ ಬಂದರು ಬಿಟ್ಟ 24 ಗಂಟೆಯೊಳಗೆ ಮಾಡಬೇಕು. ಟ್ಯಾಂಕಿನಿಂದ ಮೇಲೆತ್ತುವ ಡ್ರಿಲ್ 2015ರಿಂದ ಎರಡು ತಿಂಗಳಿಗೊಮ್ಮೆ ಬಂದಿದೆ. ಕಾಗದದಲ್ಲಿ ಎಲ್ಲ ಹಡಗಿನಲ್ಲೂ ಆಗುತ್ತದೆ. ನಾನು ಬೋಸನ್ (ಡೆಕ್ಕಿನ ಕೆಲಸಗಾರರ ಮೇಸ್ತ್ರಿ) ಆಗಿದ್ದ ಒಂದು ಹಡಗಿನಲ್ಲಿ ಹೆಲ್ಮೆಟ್ ಹಾಕಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರೆ ಡ್ರಿಲ್ ಮುಗಿಯುತ್ತಿತ್ತು. ನೀರಿನ ಹೋಸ್ ಬಿಚ್ಚುತ್ತಲೂ ಇರಲಿಲ್ಲ, ಮತ್ತೆ ಒಣಗಿಸಿ ಸುತ್ತಬೇಕಲ್ಲ ಅಂತ. ನಿನ್ನ ಹಡಗೂ ಹಾಗೇ ಇದ್ದರೆ ನೀನೇ ಮುಂದೆ ಹೋಗಿ ಬಿಎ ಸೆಟ್ (ಗಾಳಿಯ ಸಿಲಿಂಡರ್ ಮತ್ತು ಮಾಸ್ಕ್) ಕೊಡಿ, ಹಾಕಿ ನೋಡುತ್ತೇನೆ ಅನ್ನು. ಕೆಡೆಟ್ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಹಾಕುವಾಗ ಕೂದಲು ನೋಡಿಕೋ. ಹಣೆಯ ಮೇಲೆ ಒಂದು ಎಳೆ ಮಾಸ್ಕಿನ ರಬ್ಬರಿನ ಕೆಳಗೆ ಸಿಕ್ಕಿಕೊಂಡರೂ ಅಲ್ಲಿಂದ ಗಾಳಿ ಸೋರುತ್ತದೆ. ಜಡೆಯನ್ನು ತಲೆಯ ಹಿಂದೆ ಗಂಟು ಹಾಕಿದರೆ ಪಟ್ಟಿ ಕೂರುವುದಿಲ್ಲ. ಕೆಳಗೆ, ಕುತ್ತಿಗೆ ಹತ್ತಿರ ಕಟ್ಟಿ ಬಾಯ್ಲರ್ ಸೂಟಿನ ಒಳಗೆ ಬಿಡು. ಗಂಡಸರ ಗಡ್ಡಕ್ಕೂ ಇದೇ ತೊಂದರೆ, ಆದರೆ ಅವರಿಗೆ ಹೇಳಿದರೆ ಸಿಟ್ಟು ಬರುತ್ತದೆ. ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾದಾಗ ಒಂದು ಸೀಟಿ ಕೂಗುತ್ತದೆ. ಅದನ್ನು ಡ್ರಿಲ್ಲಿನಲ್ಲೇ ಒಮ್ಮೆ ಕೇಳಿಸಿಕೋ. ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಇಮ್ಮರ್ಷನ್ ಸೂಟನ್ನೂ ಮೊದಲ ದಿನವೇ ಹಾಕಿ ನೋಡು. ಎರಡು ನಿಮಿಷದಲ್ಲಿ, ಯಾರ ಸಹಾಯ ಇಲ್ಲದೆ. ನಿನ್ನ ಮೈಗೆ ದೊಡ್ಡದಾದರೆ ಕೂಡಲೇ ಥರ್ಡ್ ಆಫೀಸರಿಗೆ ಹೇಳಿ ಚಿಕ್ಕದು ತರಿಸು.

ಇನ್ನು ಯಾರಾದರೂ ಕಡಲಿಗೆ ಬಿದ್ದರೆ. ಕಾಳಿ ನದಿಯಲ್ಲಿ ಈಜು ಕಲಿತವಳು ನೀನು, ಅದಕ್ಕೇ ಹೇಳುತ್ತೇನೆ, ಹಾರಬೇಡ. ಕೈಗೆ ಸಿಕ್ಕ, ತೇಲುವ ಬಳೆಯಂಥ ಲೈಫ್‌ಬಾಯ್ ಎಸೆ, ಯಾವ ಬದಿ ಅಂತ ಕೂಗು, ಬಿದ್ದವನ ಕಡೆ ಬೆರಳು ತೋರಿಸುತ್ತಾ ನಿಲ್ಲು. ಕಣ್ಣು ತೆಗೆಯಬೇಡ. 13 ನಾಟ್‌ನಲ್ಲಿ ಹೋಗುವ ಹಡಗು ನಿಮಿಷಕ್ಕೆ 400 ಮೀಟರ್ ಮುಂದೆ ಹೋಗಿರುತ್ತದೆ. ಅಲೆಯ ನಡುವೆ ಒಂದು ತಲೆ ಆಮೇಲೆ ಸಿಗುವುದಿಲ್ಲ. ತಿರುಗಿಸುವುದು ಬ್ರಿಡ್ಜಿನವರ ಕೆಲಸ, ಎಲ್ಲಿಗೆ ಅಂತ ಅವರಿಗೆ ತೋರಿಸುವುದು ನಿನ್ನ ಬೆರಳು.

ಹತ್ತಿದ ಮೊದಲ ರಾತ್ರಿ, ಎಷ್ಟೇ ಸುಸ್ತಾಗಿದ್ದರೂ, ಕ್ಯಾಬಿನ್ನಿನಿಂದ ಮಸ್ಟರ್ ಸ್ಟೇಷನ್ನಿಗೆ ಒಮ್ಮೆ ಕಣ್ಣು ಮುಚ್ಚಿ ಗೋಡೆ ಸವರುತ್ತಾ ನಡೆ. ಎಷ್ಟು ಬಾಗಿಲು ದಾಟಿದೆ, ಮೆಟ್ಟಿಲು ಎಲ್ಲಿ ಶುರು ಅಂತ ಎಣಿಸಿಕೋ. ಹೊಗೆ ತುಂಬಿದರೆ ಕಾರಿಡಾರಿನಲ್ಲಿ ಕಣ್ಣು ಮುಚ್ಚಿದ ಹಾಗೇ, ಏನೂ ಕಾಣುವುದಿಲ್ಲ. ಬೇರೆಯವರು ನಕ್ಕರೆ ಅವರನ್ನೂ ಕರೆದುಕೊಂಡು ಹೋಗು.

ಸಿಗ್ನಲ್ ಸಿಕ್ಕ ಕೂಡಲೇ ಮೆಸೇಜ್ ಹಾಕು. ಊಟ ಹೇಗಿದೆ, ಕ್ಯಾಬಿನ್ನಿಗೆ ಕಿಟಕಿ ಇದೆಯಾ ಅಂತ ಆಯಿಗೆ ಬೇಕು. ನನಗೆ ನಿನ್ನ ಲೈಫ್‌ಬೋಟ್ ನಂಬರು, ಮಸ್ಟರ್ ಲಿಸ್ಟಿನಲ್ಲಿ ನಿನ್ನ ಹೆಸರಿನ ಮುಂದೆ ಯಾವ ಕೆಲಸ ಬರೆದಿದ್ದಾರೆ, ಅಷ್ಟು ತಿಳಿಸು ಸಾಕು.

ಇಂತಿ,
ನಿನ್ನ ಅಪ್ಪ