ಶಿವೂಗೆ, ಒಂದು ರವಿಕೆಯ ವಿಷಯ

ಪ್ರೀತಿಯ ಶಿವು,

ಫೋನ್ ಮಾಡಿಯೇ ಹೇಳಬಹುದಿತ್ತು. ಹೇಳೋಕೆ ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಇಲ್ಲಿ, ನಾಲ್ಕು ಜನರ ಮುಂದೆಯೇ ಬರೆಯುತ್ತಿದ್ದೇನೆ.

ಭಾನುವಾರ ಕುಮಾರಕೃಪಾ ರಸ್ತೆ ಕಡೆ ಹೋಗಿದ್ದೆ. ಚಿತ್ರಕಲಾ ಪರಿಷತ್ತಿನ ಹತ್ತಿರ ಒಂದು ಸಣ್ಣ ಹಾಲ್‌ನಲ್ಲಿ, ನಟಿ, ಮಿನುಗುತಾರೆ ಕಲ್ಪನಾ ಉಡುತ್ತಿದ್ದ ರೀತಿಯನ್ನೇ ಹಿಡಿದು ಒಬ್ಬ ಹುಡುಗಿ ಚಿತ್ರ ಬರೆದು ತೂಗುಹಾಕಿದ್ದಾಳೆ. ಕಲ್ಪನಾ ಹೋಗಿದ್ದು 1979ರಲ್ಲಿ. ಆಗ ಈ ಹುಡುಗಿ ಹುಟ್ಟಿಯೇ ಇರಲಿಲ್ಲ. ಆದರೂ ಆ ತುಂಬುತೋಳು, ಆ ದೊಡ್ಡ ಉಂಗುರ, ಸೆರಗು ಹೊದ್ದ ರೀತಿ, ಎಷ್ಟು ಪ್ರೀತಿಯಿಂದ ನೋಡಿದ್ದಾಳೆ ಅಂತೀಯಾ! ‘ಗೆಜ್ಜೆಪೂಜೆ’ 1969ರ ಕಪ್ಪು ಬಿಳುಪು ಸಿನಿಮಾ ಅಲ್ವಾ, ಆ ಸೀರೆಗಳೆಲ್ಲ ಇದ್ದಿಲಿನಲ್ಲಿವೆ. ಪಕ್ಕದ ಗೋಡೆ ‘ಶರಪಂಜರ’ದ್ದು. ಅಲ್ಲಿಂದ ಬಣ್ಣವೋ ಬಣ್ಣ.

ನಾನು ನಿಂತುಬಿಟ್ಟಿದ್ದು ಮೂಲೆಯಲ್ಲಿ. ಯಾರದೋ ಮನೆಯ ಹಳೇ ರವಿಕೆ, ಒಳಗು ಹೊರಗು ಮಾಡಿ ಇಟ್ಟಿದ್ದಳು. ಕಂಕುಳ ಹತ್ತಿರ ಬೆವರಿನ ಕಲೆ. ಪಕ್ಕೆಯಲ್ಲಿ ಮೂರು ಸಾಲು ಹೊಲಿಗೆ. ಎರಡು ಸಾಲು ಬಿಚ್ಚಿ, ಬರೀ ಸೂಜಿ ತೂತು ಉಳಿದಿದೆ. ಮೈ ತುಂಬಿಕೊಂಡ ಹಾಗೆಲ್ಲ ಒಂದೊಂದು ಸಾಲು ಬಿಚ್ಚಿದ್ದಾರೆ. ಮಡಿಕೆಯೊಳಗೆ ಬಿಸಿಲು ಕಾಣದ ಬಟ್ಟೆ ಇನ್ನೂ ಹೊಸ ಅರಿಸಿನದ ಬಣ್ಣ.

ಅಮ್ಮನ ಹತ್ತಿರವೂ ಅಂಥದ್ದೊಂದಿತ್ತು ಕಣೋ. ನವಿಲು ಬಣ್ಣದ್ದು. ಮಲ್ಲೇಶ್ವರದ ಟೈಲರ್‌ಗೆ ‘ತೋಳು ಕಲ್ಪನಾದು ಇರಲಿ’ ಅಂದಿದ್ದಳಂತೆ. ನಿಮ್ಮಕ್ಕನ ಮದುವೆಗೆ ಅದನ್ನೇ ತೊಟ್ಟು ಬಂದಿದ್ದಳು.

ಅಮ್ಮ ಹೋಗಿ ತಿಂಗಳೂ ಆಗಿರಲಿಲ್ಲ. ಬೀರು ತೆಗೆದರೆ ಅವಳ ವಾಸನೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬೀದಿಯಲ್ಲಿ ಪಾತ್ರೆಯವಳು ಕೂಗಿದಳು. ಸೀರೆ, ರವಿಕೆ ಎಲ್ಲ ತಂದು ಅವಳ ಮುಂದೆ ಸುರಿದೆ. ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಈಗಲೂ ಅದರಲ್ಲೇ ಅವಲಕ್ಕಿ ಇಡುತ್ತೇನೆ. ನಮ್ಮಕ್ಕ ಕೇಳಿದ್ದು ಆ ನವಿಲು ಬಣ್ಣದ ರವಿಕೆ ಒಂದೇ. ಎಲ್ಲವನ್ನೂ ಆಶ್ರಮಕ್ಕೆ ಕೊಟ್ಟೆ ಅಂದೆ. ‘ಹೋಗ್ಲಿ ಬಿಡು, ಯಾರೋ ತೊಟ್ಕೊಂಡ್ರಲ್ಲ’ ಅಂದಳು. ಹನ್ನೊಂದು ವರ್ಷ ಆಯ್ತು.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅಕ್ಕನೂ ಓದುತ್ತಾಳೆ. ಅದಕ್ಕೆ ಮೊದಲೇ, ಇವತ್ತು ಸಂಜೆ, ಅವಳ ಮನೆಗೆ ಹೋಗುತ್ತೇನೆ.

ಸರಿ, ಸಾಕು. ಚಿತ್ರಗಳು ಇನ್ನೊಂದು ವಾರ ಇರುತ್ತವೆ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತು. ಸಿಟಿಆರ್ ಹೋಟೆಲ್‌ನಲ್ಲಿ ಬೆಣ್ಣೆ ಮಸಾಲೆ ದೋಸೆ ನಂದು, ಕಾಫಿ ನಿಂದು. ನಿಮ್ಮಮ್ಮನ ಬೀರುವಿನಲ್ಲಿ ತುಂಬುತೋಳಿನ ರವಿಕೆ ಇದೆಯಾ ಕೇಳು. ಇದ್ದರೆ ಜೋಪಾನವಾಗಿ ಮಡಿಸಿಕೊಂಡು ಬಾ. ಒಂದ್ಸಲ ನೋಡಿ ಕೊಡ್ತೀನಿ.

ನಿನ್ನ,
ರಾಜು